ಘಾಟಿ ಇಳಿಯುವ ಲಾರಿಗಳ ಬ್ರೇಕ್: ನನ್ನ ಅನುಭವ

ಹಾಸನದ ಕಡೆಯಿಂದ ಮಂಗಳೂರು ಬಂದರಿಗೆ ಸರಕು ಸಾಗಿಸುವ ಹತ್ತು ಚಕ್ರದ ಲಾರಿಗಳ ನಿರ್ವಹಣೆ ಹಲವು ವರ್ಷಗಳಿಂದ ನನ್ನ ಹೊಣೆ. ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಮಾರನಹಳ್ಳಿ ದಾಟಿ ಗುಂಡ್ಯದತ್ತ ಇಳಿಯುವ ಶಿರಾಡಿ ಘಾಟಿಯೇ ನಮ್ಮ ಬ್ರೇಕುಗಳಿಗೆ ನಿಜವಾದ ಪರೀಕ್ಷೆ. ಆದ್ದರಿಂದ ಸುರಕ್ಷತೆಯ ಕೆಲಸವನ್ನು ಅಲ್ಲಿಂದಲೇ ಆರಂಭಿಸಿದೆ.

ಲಾರಿಯ ಬ್ರೇಕ್ ಒತ್ತಡದ ಗಾಳಿಯಿಂದ ಕೆಲಸ ಮಾಡುವುದರಿಂದ, ಬ್ರೇಕ್ ಫೇಲ್ ಆಯಿತೆಂದರೆ ಗಾಳಿ ಖಾಲಿಯಾಯಿತೆಂದೇ ಬಹಳ ಜನ ತಿಳಿಯುತ್ತಾರೆ. ಆದರೆ ಈಗಿನ ಲಾರಿಗಳಲ್ಲಿ ಗಾಳಿಯ ಒತ್ತಡ ತೀರಾ ಕುಸಿದರೆ ಸ್ಪ್ರಿಂಗ್ ಬ್ರೇಕ್ ತಾನಾಗಿಯೇ ಹಿಂದಿನ ಚಕ್ರಗಳನ್ನು ಹಿಡಿಯುತ್ತದೆ. ಘಾಟಿಯಲ್ಲಿ ಕೈಕೊಡಿಸುವುದು ಹೆಚ್ಚಾಗಿ ಬಿಸಿ. ಪೆಡಲನ್ನು ಒತ್ತಿಕೊಂಡೇ ಇಳಿದಾಗ ಕಾದ ಲೈನರ್ (ಉಜ್ಜಿ ಚಕ್ರವನ್ನು ತಡೆಯುವ ಪಟ್ಟಿ) ಹಿಡಿತ ಕಳೆದುಕೊಳ್ಳುತ್ತದೆ, ಅದು ಉಜ್ಜುವ, ಚಕ್ರದೊಂದಿಗೆ ತಿರುಗುವ ಡ್ರಮ್ ಹಿಗ್ಗುತ್ತದೆ, ಗಾಳಿ ತುಂಬುವ ಚೇಂಬರಿನಿಂದ ಹೊರಬಂದು ಬ್ರೇಕ್ ಒತ್ತುವ ಪುಶ್ ರಾಡ್ ಎಂದಿಗಿಂತ ಹೆಚ್ಚು ದೂರ ಚಲಿಸಬೇಕಾಗುತ್ತದೆ. ಬ್ರೇಕಿನ ಸಡಿಲವನ್ನು ಸರಿಪಡಿಸುವ ಸ್ಲ್ಯಾಕ್ ಅಡ್ಜಸ್ಟರ್ ಮೊದಲೇ ಸಡಿಲವಾಗಿದ್ದರೆ, ರಾಡ್ ಚಲಿಸಬಲ್ಲ ದೂರ ಅಲ್ಲಿಗೇ ಮುಗಿದು ಬ್ರೇಕ್ ಸರಿಯಾಗಿ ಹಿಡಿಯುವುದಿಲ್ಲ.

ಹೀಗಾಗಿ ಲೋಡ್ ಹತ್ತುವ ಮೊದಲು ಪ್ರತಿ ಚಕ್ರದಲ್ಲೂ ಈ ಚಲನೆಯನ್ನು ಅಳೆಯುವ ಪದ್ಧತಿ ತಂದೆ. ಸಮತಟ್ಟಾದ ಜಾಗದಲ್ಲಿ ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟು, ಹ್ಯಾಂಡ್ ಬ್ರೇಕ್ ಬಿಟ್ಟು, ಪುಶ್ ರಾಡ್ ಚೇಂಬರಿನೊಳಗೆ ಹೋಗುವಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆಯುತ್ತೇವೆ. ಆಮೇಲೆ ಚಾಲಕರು ಪೆಡಲನ್ನು ಪೂರ್ತಿ ಒತ್ತಿ ಹಿಡಿದಾಗ ಗೆರೆ ಎಷ್ಟು ಹೊರಬಂತೆಂದು ಸ್ಕೇಲ್ ಇಟ್ಟು ನೋಡುತ್ತೇವೆ. ಕೈಪಿಡಿಯ ಮಿತಿ ದಾಟಿದರೆ ಲಾರಿ ಹೊರಡುವುದಿಲ್ಲ. ಒಂದೇ ಆಕ್ಸಲ್‌ನ ಎಡಬಲಗಳಲ್ಲಿ ಅಳತೆ ಬೇರೆಯಾಗಿದ್ದರೂ ಬಿಡುವುದಿಲ್ಲ, ಏಕೆಂದರೆ ಒದ್ದೆ ತಿರುವಿನಲ್ಲಿ ಗಾಡಿ ಒಂದು ಬದಿಗೆ ಎಳೆಯುತ್ತದೆ. ಮಳೆಗಾಲದಲ್ಲಿ ಏರ್ ಟ್ಯಾಂಕಿನ ನೀರನ್ನು ದಿನವೂ ತೆಗೆಯುವುದೂ ಇದರ ಜೊತೆಗೇ ಸೇರಿದೆ.

ಇದಕ್ಕಿಂತ ಕಷ್ಟವಾದದ್ದು, ಡೀಸೆಲ್ ಉಳಿಸಲೆಂದು ಗೇರ್ ತೆಗೆದು, ಎಂಜಿನ್ನಿನ ತಡೆಯಿಲ್ಲದೆ ನ್ಯೂಟ್ರಲ್‌ನಲ್ಲಿ ಇಳಿಯುವ ರೂಢಿಯನ್ನು ಬಿಡಿಸುವುದು. ಡೀಸೆಲ್ ಉಳಿಸಿದ ಚಾಲಕರಿಗೆ ಭತ್ಯೆ ಕೊಡುತ್ತಾ, ನ್ಯೂಟ್ರಲ್ ಮಾಡಬೇಡಿ ಎಂದು ಬುದ್ಧಿ ಹೇಳುವುದು ನ್ಯಾಯವಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ಹಾಗಾಗಿ ಘಾಟಿಯ ಭಾಗವನ್ನು ಆ ಲೆಕ್ಕದಿಂದಲೇ ಹೊರಗಿಡಲು ಮಾಲೀಕರನ್ನು ಒಪ್ಪಿಸಿದೆ. ಎಲೆಕ್ಟ್ರಾನಿಕ್ ಇಂಜೆಕ್ಷನ್ ಇರುವ ಎಂಜಿನ್, ಗೇರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಇಳಿಯುವಾಗ ಡೀಸೆಲ್ ಸರಬರಾಜನ್ನೇ ನಿಲ್ಲಿಸುತ್ತದೆ, ನ್ಯೂಟ್ರಲ್‌ನಲ್ಲಾದರೆ ಐಡಲ್ ಓಡಲು ಡೀಸೆಲ್ ಬೇಕೇ ಬೇಕು ಎಂದು ವಿವರಿಸಿದಾಗ, "ಹಾಗಾದ್ರೆ ಇಷ್ಟು ದಿನ ಉಳಿಸಿದ್ದೇನು ಸಾರ್?" ಎಂದು ಹಿರಿಯ ಚಾಲಕರೊಬ್ಬರು ಕೇಳಿದರು. ಈಗ ಇಳಿಜಾರು ಶುರುವಾಗುವ ಮೊದಲೇ ಕೆಳಗಿನ ಗೇರಿಗೆ ಬಂದು, ಎಕ್ಸಾಸ್ಟ್ ಬ್ರೇಕ್ (ಎಂಜಿನ್ನಿನ ಹೊಗೆಯನ್ನು ತಡೆದು ವೇಗ ತಗ್ಗಿಸುವ ಸಾಧನ) ಹಾಕಿ, ಬ್ರೇಕ್ ಪೆಡಲನ್ನು ಬಿಟ್ಟುಬಿಟ್ಟು ಬಳಸುತ್ತಾ ಇಳಿಯುತ್ತಾರೆ.

ಲೈನರ್ ಸುಟ್ಟ ವಾಸನೆ ಬಂದರೆ ಸುರಕ್ಷಿತ ಜಾಗ ನೋಡಿ ನಿಲ್ಲಿಸಿ, ತಾನಾಗಿ ಆರುವವರೆಗೆ ಕಾಯಬೇಕು. ಕಾದ ಡ್ರಮ್ಮಿಗೆ ನೀರು ಸುರಿದರೆ ಅದು ಬಿರುಕು ಬಿಡುತ್ತದೆ. ಮಂಜಿನಲ್ಲಿ ಹಾಗೆ ನಿಂತ ಲಾರಿ ಹಿಂದೆ ಬರುವವರಿಗೆ ಅಪಾಯ ತರುವುದರಿಂದ, ಹಿಂಬದಿಯ ಕೆಂಪು ಮತ್ತು ಪಕ್ಕದ ಹಳದಿ ಪ್ರತಿಫಲಕ ಪಟ್ಟಿಗಳ ಮೇಲಿನ ಕೆಸರನ್ನು ಹೊರಡುವ ಮುನ್ನವೇ ಒರೆಸಬೇಕು, ನಿಲ್ಲಿಸಿದ ಕೂಡಲೇ ಎಚ್ಚರಿಕೆಯ ತ್ರಿಕೋನವನ್ನು ಸಾಕಷ್ಟು ಹಿಂದೆ, ತಿರುವಿದ್ದರೆ ತಿರುವಿಗೂ ಮೊದಲೇ ಇಡಬೇಕು ಎಂದು ನಿಯಮ ಮಾಡಿದ್ದೇವೆ.