ಆಟಿ ಅಮಾವಾಸ್ಯೆಗೆ ಎದ್ದು ಕೂತ ಸಂಪು

ನಾನು ಸಿವಿಲ್ ಡಿಪ್ಲೊಮಾ ಓದಿದವನು. ಇಪ್ಪತ್ತು ವರ್ಷದಿಂದ ಮಂಗಳೂರಿನಲ್ಲಿ ಮನೆ ಕಟ್ಟಿಸುವುದೇ ಕೆಲಸ. ಹಾಗಿದ್ದೂ ನನ್ನ ಸ್ವಂತ ಮನೆಯ ಸಂಪು ನೆಲ ಬಿಟ್ಟು ಮೇಲೆದ್ದಿತು. ಹೇಳಿಕೊಳ್ಳಲು ನಾಚಿಕೆಯಾಗಿ ಕೆಲವು ವರ್ಷ ಸುಮ್ಮನಿದ್ದೆ.

ಮನೆ ಇರುವುದು ಜಪ್ಪಿನಮೊಗರಿನಲ್ಲಿ, ನೇತ್ರಾವತಿಗೆ ಹತ್ತು ನಿಮಿಷದ ನಡಿಗೆ. ಜಾಗ ಮೊದಲು ಗದ್ದೆಯಾಗಿತ್ತು. ನಮ್ಮ ಕಡೆ ಗದ್ದೆಯಲ್ಲಿ ಬೆಟ್ಟು, ಮಜಲು, ಬೈಲು ಎಂದು ಮೂರು ಬಗೆ. ಬೆಟ್ಟು ಎತ್ತರದ್ದು, ಮಳೆಯನ್ನೇ ನಂಬಿದ್ದು. ಬೈಲು ತಗ್ಗಿನದು, ಬೇಸಗೆಯಲ್ಲೂ ಪಸೆ ಬಿಡದ್ದು. ನಮ್ಮದು ಬೈಲು. ಒಂದೂವರೆ ಅಡಿ ಕೆಂಪು ಮಣ್ಣು ಹಾಕಿಸಿ ಮನೆ ಕಟ್ಟಿದೆ. ಗದ್ದೆಯ ಹಳೆ ಬಾವಿಯನ್ನು ಮಾತ್ರ ಮುಚ್ಚಲಿಲ್ಲ, ಮೇಲೆ ರಿಂಗ್ ಕೂರಿಸಿ ಉಳಿಸಿಕೊಂಡೆ. ಆ ವಿಷಯದಲ್ಲಿ ಬುದ್ಧಿ ನನ್ನದಲ್ಲ, ಅಮ್ಮನದು.

2018ರ ಮೇ 29 ಮಂಗಳೂರಿನವರಿಗೆ ಮರೆಯುವ ದಿನವಲ್ಲ. ಮಳೆಗಾಲಕ್ಕೆ ಮುಂಚೆ ಕೋಲ, ಜಾತ್ರೆಗಳೆಲ್ಲ ಮುಗಿಯುವ ಪತ್ತನಾಜೆ ಕಳೆದು ನಾಲ್ಕೈದು ದಿನ ಆಗಿತ್ತಷ್ಟೆ. ಮಳೆ ಹೊಡೆದ ರಭಸಕ್ಕೆ ಕೊಟ್ಟಾರ ಚೌಕಿ, ಪಾಂಡೇಶ್ವರ ಎಲ್ಲ ಮುಳುಗಿತು. ನಮ್ಮ ರಸ್ತೆಯಲ್ಲಿ ಮೊಣಕಾಲು ನೀರು. ಮರುದಿನ ಬೆಳಿಗ್ಗೆ ನೀರು ಇಳಿದ ಮೇಲೆ ಸುಮ್ನೆ ಕುತೂಹಲಕ್ಕೆ ಬಾವಿಗೆ ಹಗ್ಗ ಇಳಿಸಿ ನೋಡಿದೆ. ಕಟ್ಟೆಯ ಮೇಲಿನಿಂದ ನೀರಿಗೆ 3.6 ಮೀಟರ್. ಕಟ್ಟೆಯ ಎತ್ತರ 75 ಸೆಂಟಿಮೀಟರ್. ಅಂದರೆ ಅಂಗಳದ ಕೆಳಗೆ ಹೆಚ್ಚುಕಮ್ಮಿ ಒಂಬತ್ತು ಅಡಿ ನೀರೇ ಇಲ್ಲದ ನೆಲ. ಹಿಂದಿನ ದಿನ ಊರೇ ತೇಲಿತ್ತು, ಅಲ್ವಾ? ಅಷ್ಟಾದರೂ ನೆಲದ ಹೊಟ್ಟೆ ಖಾಲಿ. ಚರಂಡಿ, ರಾಜಕಾಲುವೆಗೆ ಅಷ್ಟು ನೀರು ಹೊರಲು ಆಗದೆ ಬಂದ ನೆರೆ ಅದು.

ಆ ದಿನದಿಂದ ಪ್ರತಿ ಭಾನುವಾರ ಅಳೆಯತೊಡಗಿದೆ. ಸಾಮಾನು ಜಾಸ್ತಿ ಏನಿಲ್ಲ. ಒಂದು ಟೇಪು, ತುದಿಗೆ ಕಟ್ಟಿದ ಕಬ್ಬಿಣದ ನಟ್ಟು, ಬರೆಯಲು ಕ್ಯಾಲೆಂಡರ್. ನಟ್ಟು ನೀರಿಗೆ ತಾಗಿದಾಗ ಸಣ್ಣ ಸದ್ದು ಬರುತ್ತದೆ, ಅಲ್ಲಿಗೆ ಹಿಡಿಯಬೇಕು. ಪಂಪು ಹಾಕುವ ಮೊದಲೇ ಅಳೆಯಬೇಕು. ಇಲ್ಲದಿದ್ದರೆ ಲೆಕ್ಕ ಸುಳ್ಳಾಗುತ್ತದೆ. ಜೂನ್ ಪೂರ್ತಿ ನೀರು ಏರುತ್ತಾ ಬಂತು. ಜುಲೈ ಮುಗಿಯುವಾಗ ಕೊಡಪಾನವನ್ನು ಕೈಯಲ್ಲೇ ಅದ್ದುವಷ್ಟು ಹತ್ತಿರ.

ಆಟಿ ಎಂದರೆ ತುಳುವರ ಮಳೆಗಾಲದ ತಿಂಗಳು, ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ. ಅದರ ಅಮಾವಾಸ್ಯೆ ಆ ವರ್ಷ ಆಗಸ್ಟ್ 11ಕ್ಕೆ ಬಂದಿತ್ತು. ಬೆಳಿಗ್ಗೆ ಪಾಲೆ ಮರದ ಕಷಾಯ ಕುಡಿದು, ರಜೆ ಅಲ್ವಾ ಎಂದು ಸಂಪು ತೊಳೆಯಲು ಖಾಲಿ ಮಾಡಿಸಿದೆ. ಮಳೆ ನಿಂತಿತ್ತು. ರಸ್ತೆಯಲ್ಲಿ ಹನಿ ನೀರಿಲ್ಲ. ಊಟ ಮಾಡಿ ಬರುವಾಗ ಸಂಪಿನ ಒಂದು ಮೂಲೆ ಅಂಗಳದ ಇಂಟರ್‌ಲಾಕ್ ಒಡೆದು ನಾಲ್ಕಿಂಚು ಮೇಲೆ ಬಂದಿದೆ! ಪೈಪು ತುಂಡು. ನೋಡಲು ಬಂದ ಪಕ್ಕದ ಮನೆಯ ಅಜ್ಜ, “ಎಂತ ಮಾರಾಯ, ದೋಣಿ ಕಟ್ಟಿದ್ದಾ ನೀನು?” ಎಂದರು.

ದೋಣಿಯೇ ಅದು. ಬಾವಿ ಅಳೆದೆ. 90 ಸೆಂಟಿಮೀಟರ್. ಅಂದರೆ ಅಂಗಳದಿಂದ ಅರ್ಧ ಅಡಿ ಕೆಳಗೆ ನೀರು. ಸಂಪಿನ ಹೊರ ಅಳತೆ ಎರಡೂವರೆ ಮೀಟರ್ ಉದ್ದ, ಎರಡು ಮೀಟರ್ ಅಗಲ, ಎರಡು ಮೀಟರ್ ಆಳ. ಅದು ತಳ್ಳಿ ಹಾಕಿದ ನೀರು ಒಂಬತ್ತು ಘನ ಮೀಟರಿಗೂ ಜಾಸ್ತಿ. ಅಷ್ಟೇ ಟನ್ ಬಲ ಕೆಳಗಿನಿಂದ ಎತ್ತುತ್ತದೆ. ಕಾಂಕ್ರೀಟು ಘನ ಮೀಟರಿಗೆ ಸುಮಾರು 2.4 ಟನ್. ನಾಲ್ಕಿಂಚಿನ ಗೋಡೆ, ತಳ, ಮುಚ್ಚಳ ಎಲ್ಲ ಸೇರಿ ಆರೂವರೆ ಟನ್ ಆಗಬಹುದು. ಒಳಗೆ ನೀರಿದ್ದಾಗ ಆ ಭಾರವೇ ಅದನ್ನು ಒತ್ತಿ ಹಿಡಿದಿತ್ತು. ನಾನೇ ಖಾಲಿ ಮಾಡಿಸಿದೆ. ಇಷ್ಟು ಗುಣಾಕಾರ ಮಾಡಲು ಡಿಪ್ಲೊಮಾ ಬೇಕಾಗಿರಲಿಲ್ಲ.

ಮೇ ತಿಂಗಳ ನೆರೆ ಬೇರೆ, ಆಟಿಯ ನೆರೆ ಬೇರೆ ಎಂದು ನನಗೆ ತಿಳಿದದ್ದು ಹಾಗೆ. ಮೊದಲನೆಯದು ರಸ್ತೆಯಿಂದ ಬರುತ್ತದೆ. ಎರಡನೆಯದು ಅಡಿಯಿಂದ. ಆಗ ಒಂದು ಸಣ್ಣ ಮಳೆ ಸಾಕು, ಹೋಗಲು ನೀರಿಗೆ ಜಾಗವೇ ಇರುವುದಿಲ್ಲ. ಮೇಲಿಂದ ಅಮಾವಾಸ್ಯೆ, ಹುಣ್ಣಿಮೆಯ ದೊಡ್ಡ ಉಬ್ಬರ. ನದಿ ತುಂಬಿ ನಿಂತರೆ ತೋಡಿನ ನೀರು ಇಳಿಯದೆ ಹಿಂದಕ್ಕೆ ಒತ್ತುತ್ತದೆ. ಒಂದು ಹುಣ್ಣಿಮೆಗೆ ಉಬ್ಬರದ ಹೊತ್ತಿಗೊಮ್ಮೆ, ಇಳಿತದ ಹೊತ್ತಿಗೊಮ್ಮೆ ಬಾವಿ ಅಳೆದೆ. ನಾಲ್ಕು ಬೆರಳಷ್ಟು ವ್ಯತ್ಯಾಸ ಇತ್ತು.

ಮುರಿದ ಸಂಪನ್ನು ದುರಸ್ತಿ ಮಾಡಲಿಲ್ಲ. ಮುಚ್ಚಳ ಒಡೆಸಿ, ತಳಕ್ಕೆ ತೂತು ಮಾಡಿಸಿ, ಮಣ್ಣು ತುಂಬಿಸಿದೆ. ಟ್ಯಾಂಕು ಈಗ ನೆಲದ ಮೇಲೆ, ಬೇರೆ ಕಟ್ಟೆಯಲ್ಲಿದೆ. ಸಂಪು ಬೇಕೇ ಬೇಕು ಎನ್ನುವವರಿಗೆ ತಳದ ಸ್ಲ್ಯಾಬನ್ನು ಗೋಡೆಯಿಂದ ಒಂದು ಅಡಿ ಹೊರಗೆ ಚಾಚಿಸುತ್ತೇನೆ. ಅದರ ಮೇಲೆ ಕೂರುವ ಮಣ್ಣು ಸಂಪನ್ನು ಒತ್ತಿ ಹಿಡಿಯುತ್ತದೆ. ಎಷ್ಟು ಚಾಚಬೇಕು ಎನ್ನುವುದು ಆಯಾ ಸಂಪಿನ ಲೆಕ್ಕ. ಏನೇ ಆಗಲಿ, ಮಳೆಗಾಲದಲ್ಲಿ ಖಾಲಿ ಮಾಡಬೇಡಿ, ಬೇಸಗೆಯಲ್ಲಿ ತೊಳೆಯಿರಿ. ಶೌಚಾಲಯದ ಪೈಪಿಗೆ ನೀರು ಹಿಂದೆ ಬಾರದ ವಾಲ್ವ್ ಹಾಕಿಸಿದೆ. ಅದರ ವಿಷಯ ಇನ್ನು ಬೇಡ, ಹಾಕಿಸಿ ಅಷ್ಟೆ.

ಜಗಳ ಆಗುವುದು ಇಂಗುಗುಂಡಿಯ ವಿಷಯದಲ್ಲಿ. ಎಲ್ಲ ಮನೆಗೂ ಇಂಗುಗುಂಡಿ ಎನ್ನುತ್ತಾರೆ. ನಾನೂ ಒಂದು ತೋಡಿಸಿದ್ದೆ. ಜುಲೈಯಲ್ಲಿ ಅದು ಕಪ್ಪೆಯ ಕೆರೆ, ಒಂದು ಬಕೆಟ್ ನೀರು ಸುರಿದರೂ ಇಳಿಯಲಿಲ್ಲ. ಬೈಲಿನಲ್ಲಿ ಅದು ದಂಡ. ಗುಡ್ಡದ ಮೇಲೆ, ಮುರಕಲ್ಲಿನ (ಜಂಬಿಟ್ಟಿಗೆಯ) ನೆಲದಲ್ಲಿ ಚೆನ್ನಾಗಿ ಕುಡಿಯುತ್ತದೆ. ಆದರೆ ಅಲ್ಲೂ ಗುಡ್ಡ ಕಡಿದ ಅಂಚಿನಲ್ಲಿ ಬೇಡ. ಮುರಕಲ್ಲಿನ ಕೆಳಗೆ ಶೇಡಿ ಮಣ್ಣು ಇರುತ್ತದೆ. ಒಣಗಿದ್ದಾಗ ಗಟ್ಟಿ, ನೆನೆದರೆ ಬೆಣ್ಣೆ. ಕೆಳಗಿನ ಮನೆಯವರ ಮೇಲೆ ಜರಿದೀತು.

ಬೇಸಗೆಯಲ್ಲಿ ಇದೇ ಬಾವಿಯ ಕಥೆ ತಲೆಕೆಳಗು. ಏಪ್ರಿಲ್ ಕೊನೆಗೆ ಚಹಾ ಉಪ್ಪುಪ್ಪು. ನೀರಿನಲ್ಲಿ ಕರಗಿದ ಉಪ್ಪು, ಲವಣ ಅಳೆಯುವ ಟಿಡಿಎಸ್ ಮೀಟರ್ ತಂದು ನೋಡಿದರೆ 1400, ಮಳೆಗಾಲದಲ್ಲಿ 180 ಇದ್ದದ್ದು. ಕುಡಿಯುವ ನೀರಿಗೆ 500ರ ಒಳಗಿದ್ದರೆ ಒಳ್ಳೆಯದು. ಹರೇಕಳ–ಅಡ್ಯಾರ್ ನಡುವೆ ಉಪ್ಪುನೀರು ತಡೆಯಲು ಕಿಂಡಿ ಅಣೆಕಟ್ಟು ಆಗಿದೆ, ಆದರೆ ನಾವು ಅದರ ಕೆಳಗಿನವರು. ನೆಲದಡಿಯಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ಮೇಲಿನದನ್ನು ಒಂದೇ ಸಲ ಎಳೆದರೆ ಕೆಳಗಿನದು ಏರುತ್ತದೆ. ಹಾಗಾಗಿ ಒಂದು ಗಂಟೆ ಒಟ್ಟಿಗೆ ಓಡಿಸುತ್ತಿದ್ದ ಪಂಪನ್ನು ಹದಿನೈದು ನಿಮಿಷದಂತೆ ನಾಲ್ಕು ಸಲ ಮಾಡಿದೆ. ಮೇಲಿಂದ ಪಂಪಿನ ಪೈಪಿನ ಕೆಳತುದಿಯ ಫುಟ್‌ವಾಲ್ವನ್ನೂ ತಳದಿಂದ ಮೂರಡಿ ಎತ್ತಿಸಿದೆ. ಮರು ಬೇಸಗೆಯಲ್ಲಿ ಮೀಟರ್ 900 ದಾಟಲಿಲ್ಲ. ಪೂರ್ತಿ ಸಿಹಿ ಅಲ್ಲ, ಆದರೆ ಸ್ನಾನಕ್ಕೆ, ಬಟ್ಟೆಗೆ ತೊಂದರೆ ಇಲ್ಲ.

ಕಳೆದ ತಿಂಗಳು ಒಬ್ಬರು ಜಾಗ ತೋರಿಸಲು ಕರೆದುಕೊಂಡು ಹೋದರು. ಬೈಲೇ, ಹೊಸ ಕೆಂಪು ಮಣ್ಣು. “ಬಾವಿ ಎಲ್ಲುಂಟು?” ಎಂದು ಕೇಳಿದೆ. ಮಾರುವವರು, “ಮುಚ್ಚಿಸಿದ್ದೇವೆ ಸಾರ್, ಒಂದು ರೂಮಿನ ಜಾಗ ಉಳಿಯಿತು” ಎಂದು ಖುಷಿಯಿಂದ ಹೇಳಿದರು. ಪಕ್ಕದ ಮನೆಯ ಅಮ್ಮನ ಹತ್ತಿರ ಕೇಳಿ ಅವರ ಬಾವಿಗೆ ಟೇಪು ಇಳಿಸಿದೆ. ಜಾಗ ತೆಗೆದುಕೊಳ್ಳುವವರಿಗೆ ಹೇಳಿದೆ: ಅಡ್ವಾನ್ಸ್ ಆಟಿ ಕಳೆದ ಮೇಲೆ ಕೊಡಿ, ಅಲ್ಲಿವರೆಗೆ ಭಾನುವಾರ ಭಾನುವಾರ ಇಲ್ಲಿಗೆ ಬಂದು ಅಳೆಯಿರಿ. ಅಮ್ಮನೂ ಒಪ್ಪಿದ್ದಾರೆ.