ಅಭಿಮನ್ಯುವಿಗೆ ಚಳಿಜ್ವರ: ಎಚ್‌ಡಿ ಆಟವನ್ನು ಡಿವಿಡಿಗೆ ಇಳಿಸಿದ ಕತೆ

ನಮ್ಮ ಮನೆಯ ಹರಕೆ ಆಟ, ಅಂದರೆ ಹರಕೆಗೆಂದು ಆಡಿಸುವ ಯಕ್ಷಗಾನ, ಆದದ್ದು 2014ರ ಫೆಬ್ರುವರಿಯಲ್ಲಿ. ಕುಂದಾಪುರದ ಕಡೆ ಹರಕೆ ಆಟವೆಂದರೆ ಮನೆಯ ಮದುವೆಗಿಂತ ಒಂದು ಕೈ ಹೆಚ್ಚೇ. ಮೇಳದ ದಿನ ಸಿಗಬೇಕಾದರೆ ವರ್ಷಗಟ್ಟಲೆ ಕಾಯಬೇಕು. ಹಾಗಾಗಿ ಇಡೀ ರಾತ್ರಿಯ ಆಟವನ್ನು ನಾನೇ ಹಿಡಿಯುತ್ತೇನೆಂದು ಹ್ಯಾಂಡಿಕ್ಯಾಮನ್ನು ಟ್ರೈಪಾಡಿಗೆ ಸಿಕ್ಕಿಸಿ, ಬ್ಯಾಟರಿಯನ್ನು ನಂಬದೆ ಅಡಾಪ್ಟರಿನ ವೈರು ಎಳೆದು, ಎದುರು ಸಾಲಿನ ಪಕ್ಕದಲ್ಲಿ ಕೂತೆ. ರಾತ್ರಿ ಒಂಬತ್ತೂವರೆಯಿಂದ ಬೆಳಗಿನ ಐದೂವರೆವರೆಗೆ, ಎಂಟು ಗಂಟೆ. ಬೆಳಿಗ್ಗೆ ಕಂಪ್ಯೂಟರಿಗೆ ಹಾಕಿ ನೋಡಿದರೆ 61 ಜಿಬಿ.

ಕಂಪ್ಯೂಟರಿನಲ್ಲಿ ಚಿತ್ರ ಕಣ್ಣಿಗೆ ಕಟ್ಟುವಂತಿತ್ತು. ಮುಂಡಾಸಿನ ಜರಿಯ ಒಂದೊಂದು ಎಳೆಯೂ ಕಾಣುತ್ತಿತ್ತು. ಆದರೆ ನೋಡಬೇಕಾದವರು ದೊಡ್ಡಪ್ಪ, ಅಮ್ಮಮ್ಮ, ಆಚೀಚೆ ಮನೆಯವರು. ಅವರ ಹತ್ತಿರ ಇದ್ದದ್ದು ಹಳೆಯ ಡಬ್ಬಾ ಟಿವಿ, ಡಿವಿಡಿ ಪ್ಲೇಯರ್. ಹದಿನಾಲ್ಕು ಮನೆಗೆ ಡಿವಿಡಿ ಮಾಡಿಕೊಡುತ್ತೇನೆಂದು ಆಟದ ರಾತ್ರಿಯೇ ಬಾಯಿ ಬಿಟ್ಟಾಗಿತ್ತು. ಒಂದು ಭಾನುವಾರದ ಕೆಲಸವೆಂದುಕೊಂಡಿದ್ದೆ. ಹಿಡಿದದ್ದು ಎರಡು ತಿಂಗಳು.

ಶುರುವಿನಲ್ಲೇ ಒಂದು ಸಣ್ಣ ತಾಪತ್ರಯ. ಕ್ಯಾಮೆರಾ ಎಂಟು ಗಂಟೆಯನ್ನು ಒಂದೇ ಫೈಲಾಗಿ ಇಡುವುದಿಲ್ಲ. 2 ಜಿಬಿ ಆದ ಕೂಡಲೇ ಕತ್ತರಿಸಿ ಮುಂದಿನದನ್ನು ಶುರುಮಾಡುತ್ತದೆ. ಸೆಕೆಂಡಿಗೆ 17 ಮೆಗಾಬಿಟ್ ಬರೆಯುವ ನನ್ನ ಕ್ಯಾಮೆರಾದ ಲೆಕ್ಕದಲ್ಲಿ ಹದಿನಾರು ನಿಮಿಷಕ್ಕೊಂದು, ಒಟ್ಟು ಮೂವತ್ತು ಎಂಟಿಎಸ್ ಎಂಬ ವಿಡಿಯೊ ಫೈಲುಗಳು. ಅವನ್ನು ಒಂದೊಂದಾಗಿ ಡಿವಿಡಿಯ ರೂಪಕ್ಕೆ ಬದಲಿಸಿ ಆಮೇಲೆ ಜೋಡಿಸಿದೆ. ಪ್ರತಿ ಬೆಸುಗೆಯಲ್ಲೂ ಟಕ್ ಎಂದು ಸದ್ದು, ಭಾಗವತರ ಪದ್ಯದ ಎಳೆ ಅಲ್ಲೇ ತುಂಡು. ಜೋಡಣೆ ಮೊದಲು ಆಗಬೇಕು, ಬದಲಾವಣೆ ಆಮೇಲೆ. ವಿಂಡೋಸಿನ ಹಳೆಯ ಕಪ್ಪು ಪರದೆಯಲ್ಲಿ, ಕಾಪಿ ಆದೇಶಕ್ಕೆ 'ಬಿ' ಎಂಬ ಗುರುತು ಸೇರಿಸಿ, ಫೈಲುಗಳ ಹೆಸರಿನ ನಡುವೆ ಕೂಡಿಸುವ ಚಿಹ್ನೆ ಹಾಕಿದರೆ ಸಾಕು, ಎಂಟಿಎಸ್ ಫೈಲುಗಳು ಹಾಗೇ ಬಾಲಕ್ಕೆ ತಲೆ ಅಂಟಿಕೊಳ್ಳುತ್ತವೆ. ಹಾಗೆ ಕೂಡಿಸಿದ ಫೈಲು 4 ಜಿಬಿ ಮೀರುವುದರಿಂದ ಕಂಪ್ಯೂಟರಿನ ಹಾರ್ಡ್ ಡಿಸ್ಕು ಅಷ್ಟು ದೊಡ್ಡ ಫೈಲನ್ನು ಇಡಬಲ್ಲ ಎನ್‌ಟಿಎಫ್‌ಎಸ್‌ನಂಥ ಪದ್ಧತಿಯದಾಗಿರಬೇಕು, ಅಷ್ಟೆ.

ಇನ್ನು ಮುಖ್ಯ ಕತೆ. ಪುಕ್ಕಟೆ ಸಿಗುವ, ಎಲ್ಲವನ್ನೂ ಒಂದೇ ಗುಂಡಿಯಲ್ಲಿ ಮಾಡುವ ತಂತ್ರಾಂಶವೊಂದರಲ್ಲಿ 'ಪಾಲ್ ಡಿವಿಡಿ', ಅಂದರೆ ನಮ್ಮ ದೇಶದ ಟಿವಿಗಳ ಪದ್ಧತಿ, ಆರಿಸಿ ಮೊದಲ ಡಿಸ್ಕ್ ಮಾಡಿದೆ. ನನ್ನ ಲ್ಯಾಪ್‌ಟಾಪಿನಲ್ಲಿ ಪರವಾಗಿಲ್ಲ ಅನಿಸಿತು. ದೊಡ್ಡಪ್ಪನ ಮನೆಗೆ ಕೊಟ್ಟು ಬಂದೆ. ರಾತ್ರಿ ಫೋನು.

"ಎಂತಾ ಮಾಣಿ, ಅಭಿಮನ್ಯುವಿಗೆ ಚಳಿಜ್ವರ ಬಂದಿತ್ತಾ?"

ಮರುದಿನ ಹೋಗಿ ನೋಡಿದೆ. ಅಭಿಮನ್ಯು ಮಂಡಿ ತಿರುಗುವ ಜಾಗ. ಮೊಣಕಾಲೂರಿ ಗಿರಗಿರ ತಿರುಗಬೇಕಾದ ವೇಷ ಒಂದು ಚೂರು ಮುಂದೆ, ಒಂದು ಚೂರು ಹಿಂದೆ ಅಂತ ಗಡಗಡ ನಡುಗುತ್ತಿತ್ತು. ನಿಂತ ವೇಷ ಸರಿ, ಕುಣಿಯುವ ವೇಷ ಮಾತ್ರ ಹಾಗೆ. ಅದೇ ಡಿಸ್ಕು ಲ್ಯಾಪ್‌ಟಾಪಿನಲ್ಲಿ ನಡುಗುತ್ತಿರಲಿಲ್ಲ.

ಕಾರಣ ಹುಡುಕಲು ಒಂದು ವಾರ ಹೋಯಿತು. ಆಗಿನ ನಮ್ಮ ಕ್ಯಾಮೆರಾಗಳು ಹಿಡಿಯುತ್ತಿದ್ದ 1080 ಗೆರೆಯ ಚಿತ್ರ ಇಂಟರ್‌ಲೇಸ್ ಮಾಡಿದ್ದು. ಸೆಕೆಂಡಿಗೆ 25 ಪೂರ್ತಿ ಚಿತ್ರ ಎಂದು ಹೇಳುತ್ತಾರಾದರೂ, ನಿಜವಾಗಿ ಹಿಡಿಯುವುದು 50 ಅರ್ಧ ಚಿತ್ರಗಳನ್ನು. ಮೊದಲು ಒಂದು ಬಿಟ್ಟು ಒಂದು ಗೆರೆ, 540. ಸೆಕೆಂಡಿನ ಐವತ್ತನೇ ಒಂದು ಭಾಗದ ನಂತರ ಉಳಿದ 540. ಈ ಅರ್ಧಗಳಿಗೇ ಫೀಲ್ಡ್ ಎನ್ನುವುದು. ಡಿವಿಡಿಯೂ ಹಾಗೆಯೇ, ಆದರೆ ಅಲ್ಲಿ ಒಟ್ಟು 576 ಗೆರೆ, ಫೀಲ್ಡಿಗೆ 288. ಎಚ್‌ಡಿಯಲ್ಲಿ ಮೇಲಿನ ಫೀಲ್ಡ್ ಮೊದಲು ಬರುತ್ತದೆ. ಹಳೆಯ ಡಿವಿ ಟೇಪಿನಲ್ಲಿ ಕೆಳಗಿನದು ಮೊದಲು. ಆ ತಂತ್ರಾಂಶದ ಸಿದ್ಧ ಪಟ್ಟಿ ಟೇಪಿನ ಕಾಲದ್ದು, ಕೆಳಗಿನದನ್ನೇ ಮೊದಲು ಎಂದು ಬರೆದುಬಿಟ್ಟಿತ್ತು. ಎರಡನೇ ಹೆಜ್ಜೆ ಮೊದಲು, ಮೊದಲನೇ ಹೆಜ್ಜೆ ಆಮೇಲೆ. ಹಾಗೆ ತೋರಿಸಿದರೆ ಯಾವ ಅಭಿಮನ್ಯುವಾದರೂ ನಡುಗಿಯಾನು. ಲ್ಯಾಪ್‌ಟಾಪು ಎರಡೂ ಫೀಲ್ಡನ್ನು ಒಟ್ಟಿಗೇ ಹೆಣೆದು ತೋರಿಸುತ್ತಿದ್ದರಿಂದ ತಪ್ಪು ಅಡಗಿ ಕೂತಿತ್ತು.

ಕ್ರಮ ಸರಿಪಡಿಸಿದೆ. ನಡುಕ ನಿಂತಿತು, ಆದರೆ ವೇಷ ತಿರುಗುವಾಗ ಕೈಗೆ ಎರಡೆರಡು ನೆರಳು. ಇದರ ಮೂಲ ಬೇರೆ. 1080 ಗೆರೆಯನ್ನು ಸೀದಾ 576ಕ್ಕೆ ಕುಗ್ಗಿಸಿದರೆ ಅಕ್ಕಪಕ್ಕದ ಗೆರೆಗಳು ಬೆರೆಯುತ್ತವೆ. ಅಕ್ಕಪಕ್ಕದ ಗೆರೆಗಳೋ ಬೇರೆ ಬೇರೆ ಕ್ಷಣದವು. ಅಕ್ಕಿ ಉದ್ದು ಒಟ್ಟಿಗೆ ಬೀಸಿದ ಮೇಲೆ ಬೇರೆ ಮಾಡಲು ಬರುತ್ತದೆಯೇ? ಆಗ ಗೊತ್ತಿದ್ದವರೊಬ್ಬರು, ಡಿಇಂಟರ್‌ಲೇಸ್ ಮಾಡಿ, ಅಂದರೆ ಫೀಲ್ಡುಗಳ ಹೆಣಿಗೆ ಬಿಡಿಸಿ, 25 ಪೂರ್ತಿ ಚಿತ್ರ ಮಾಡಿಕೋ ಎಂದರು. ಮಾಡಿದೆ. ನೆರಳು ಹೋಯಿತು, ಜೊತೆಗೆ ಚಲನೆಯ ಅರ್ಧವೂ ಹೋಯಿತು. ಮದುವೆಯ ಆರತಿಗೆ ಅದು ನಡೆಯುತ್ತದೆ. ಚಂಡೆಯ ಪೆಟ್ಟಿಗೆ ಹೆಜ್ಜೆ ಕೂಡಬೇಕಾದ ಕುಣಿತಕ್ಕೆ ನಡೆಯುವುದಿಲ್ಲ. ಕಿವಿಗೆ ಪೆಟ್ಟು ಬೀಳುತ್ತದೆ, ಕಣ್ಣಿಗೆ ಕಾಲು ಎಲ್ಲೋ ಇರುತ್ತದೆ.

ಕೊನೆಗೆ ಕೈಗೆ ಹತ್ತಿದ್ದು, ಆದೇಶ ಬರೆದು ಓಡಿಸುವ ಪುಕ್ಕಟೆ ವಿಡಿಯೊ ತಂತ್ರಾಂಶ ಎಫ್‌ಎಫ್‌ಎಂಪೆಗ್. ಅದರಲ್ಲಿ ಕೆಲಸವನ್ನು ಮೂರು ಹೆಜ್ಜೆಯಾಗಿ ಬಿಡಿಸಿದೆ. ಯಾಡಿಫ್ ಎಂಬ ಫಿಲ್ಟರಿಗೆ 1 ಎಂಬ ಸಂಖ್ಯೆ ಕೊಟ್ಟರೆ ಪ್ರತಿ ಫೀಲ್ಡಿನಿಂದ ಒಂದು ಪೂರ್ತಿ ಚಿತ್ರ ಕಟ್ಟುತ್ತದೆ, ಸೆಕೆಂಡಿಗೆ 50. ಆ ಐವತ್ತನ್ನೂ 720ಕ್ಕೆ 576ರ ಅಳತೆಗೆ ಕುಗ್ಗಿಸಬೇಕು. ಆಮೇಲೆ ಇಂಟರ್‌ಲೇಸ್ ಫಿಲ್ಟರಿನಿಂದ, ಮೇಲಿನ ಫೀಲ್ಡ್ ಮೊದಲು ಎಂದು ಹೇಳಿ, ಐವತ್ತನ್ನು ಮತ್ತೆ ಇಪ್ಪತ್ತೈದಾಗಿ ಹೆಣೆಯಬೇಕು. ಕುಗ್ಗಿಸುವ ಮುಂಚೆ ಬಿಡಿಸು, ಕುಗ್ಗಿಸಿದ ಮೇಲೆ ಹೆಣೆ. ಚಿತ್ರವನ್ನು ಡಿವಿಡಿಯ ರೂಪಕ್ಕೆ ಅದುಮುವ ಎನ್‌ಕೋಡರಿಗೂ ಇದು ಇಂಟರ್‌ಲೇಸ್ ಚಿತ್ರ ಎಂದು ಬೇರೆಯಾಗಿ ತಿಳಿಸಬೇಕು, ಇಲ್ಲದಿದ್ದರೆ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ.

ಈ ಹೊತ್ತಿಗೆ ಖಾಲಿ ಡಿಸ್ಕ್ ಸುಡುವುದನ್ನು ಬಿಟ್ಟು, ಅಳಿಸಿ ಬರೆಯುವ ಡಿವಿಡಿ-ಆರ್‌ಡಬ್ಲ್ಯೂ ಒಂದನ್ನು ತಂದುಕೊಂಡಿದ್ದೆ. ಎರಡೇ ನಿಮಿಷದ ತುಣುಕು, ಅದೇ ಮಂಡಿಯ ಜಾಗ, ಬರೆದು ಬೈಕಿನಲ್ಲಿ ದೊಡ್ಡಪ್ಪನ ಮನೆಗೆ. ದೊಡ್ಡಮ್ಮನಿಗೆ ಆ ಎರಡು ನಿಮಿಷ ಬಾಯಿಪಾಠವಾಗಿತ್ತು.

ಆ ಟಿವಿಯಲ್ಲೇ ಇನ್ನೂ ನಾಲ್ಕು ಸಂಗತಿ ಗೊತ್ತಾದವು. ವೇಷದವರು ಉಡುವ ಕಸೆ ಸೀರೆಯ ಚೌಕುಳಿ ಮಿಣಮಿಣ ಮಿಣುಕುತ್ತಿತ್ತು. ಒಂದೇ ಗೆರೆಯಷ್ಟು ತೆಳುವಾದ ವಿವರ ಒಂದು ಫೀಲ್ಡಿನಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಹಾಗಾಗುತ್ತದೆ. ಇಂಟರ್‌ಲೇಸ್ ಫಿಲ್ಟರಿನಲ್ಲಿ ಗೆರೆಗಳನ್ನು ಮೇಲೆ ಕೆಳಗೆ ತುಸು ಮಸುಕುಮಾಡುವ ಲೋಪಾಸ್ ಇರುತ್ತದೆ. ಚಿತ್ರ ಚೂಪಾಗಿರಲೆಂದು ನಾನೇ ಅದನ್ನು ತೆಗೆದುಹಾಕಿದ್ದೆ. ಮರಳಿ ಹಾಕಿದೆ, ಸೀರೆ ಸುಮ್ಮನಾಯಿತು.

ಬಣ್ಣ. ಕೆಂಪು ತುಸು ಮಂಕು, ಹಿಂದಿನ ಬಾಳೆಗಿಡದ ಹಸಿರು ಢಾಳು. ಎಚ್‌ಡಿಯ ಬಣ್ಣದ ಲೆಕ್ಕ 709 ಎಂಬ ಪದ್ಧತಿಯದು, ಡಿವಿಡಿಯದು 601. ಅಳತೆ ಕುಗ್ಗಿಸುವಾಗ ಒಂದರಿಂದ ಇನ್ನೊಂದಕ್ಕೆ ಎಂದು ಬಾಯಿಬಿಟ್ಟು ಹೇಳದಿದ್ದರೆ ಯಾರೂ ಬದಲಿಸಿಕೊಡುವುದಿಲ್ಲ.

ಅಗಲ. 720ಕ್ಕೆ 576 ಎಂಬ ಅಳತೆಯಲ್ಲೇ ಅಗಲ ಪರದೆಯ ಚಿತ್ರವನ್ನೂ ಅದುಮಿ ತುಂಬಬೇಕು. 16:9 ಎಂಬ ಗುರುತಿದ್ದರೆ ಪ್ಲೇಯರು ಮತ್ತೆ ಹಿಗ್ಗಿಸುತ್ತದೆ. ಗುರುತು ಬಿಟ್ಟುಹೋದ ದಿನ ವೇಷಗಳೆಲ್ಲ ಬಡಕಲು. ದೊಡ್ಡಪ್ಪನ ಪ್ಲೇಯರು ಪಕ್ಕಗಳನ್ನು ಕತ್ತರಿಸುವಂತೆ ಹೊಂದಿಸಿದ್ದರಿಂದ ಚಂಡೆಯವರೇ ಕಾಣೆ! ಅದನ್ನು ಲೆಟರ್‌ಬಾಕ್ಸಿಗೆ, ಅಂದರೆ ಮೇಲೆ ಕೆಳಗೆ ಕಪ್ಪು ಪಟ್ಟಿ ಬಿಟ್ಟು ಪೂರ್ತಿ ಚಿತ್ರ ತೋರಿಸುವಂತೆ, ಬದಲಿಸಿ ಬಂದೆ.

ಕೊನೆಯದು ಅಕ್ಷರ. ಶುರುವಿನ ಫಲಕದಲ್ಲಿ ಮೇಳದ ಹೆಸರು, ಮನೆಯ ಹೆಸರು ಹಾಕಿದ್ದೆ. ಮೆನು ಮಾಡುವ ತಂತ್ರಾಂಶ ಕನ್ನಡದ ಒತ್ತಕ್ಷರವನ್ನು ಪಕ್ಕಕ್ಕೆ ಬಿಡಿಸಿ ಇಡುತ್ತಿತ್ತು. ಬೇರೆ ಕಡೆ ಬರೆದು ಚಿತ್ರವಾಗಿ ತಂದು ಅಂಟಿಸಿದೆ. ಆದರೆ ಡಬ್ಬಾ ಟಿವಿ ನಾಲ್ಕೂ ಅಂಚನ್ನು ಸ್ವಲ್ಪ ನುಂಗುತ್ತದೆ. ಕೆಳಸಾಲಿನ ಒತ್ತುಗಳೆಲ್ಲ ನೆಲದೊಳಗೆ ಹೋಗಿ, ಅಮ್ಮಮ್ಮನ ಹೆಸರಿನ 'ಲಕ್ಷ್ಮೀ' ಬರೇ 'ಲಕೀ' ಆಯಿತು. ಅಂದಿನಿಂದ ಅಂಚಿನಿಂದ ಹತ್ತರಲ್ಲೊಂದು ಪಾಲು ಬಿಟ್ಟೇ ಬರೆಯುವುದು, ದಪ್ಪ ಅಕ್ಷರದಲ್ಲಿ.

ಡಿಸ್ಕಿನ ಲೆಕ್ಕ ಸುಲಭ. 4.7 ಜಿಬಿ ಅಂದರೆ 37,600 ಮೆಗಾಬಿಟ್. ಎಂಟು ಗಂಟೆಯನ್ನು ನಾಲ್ಕು ಡಿಸ್ಕಿಗೆ ಹಂಚಿದರೆ ಸೆಕೆಂಡಿಗೆ 5.2 ಮೆಗಾಬಿಟ್, ಐದಕ್ಕೆ ಹಂಚಿದರೆ 6.5. ಕುಣಿತ ಹೆಚ್ಚಿರುವುದರಿಂದ ಐದೇ ಆಯ್ಕೆಮಾಡಿದೆ. ಪೂರ್ವರಂಗಕ್ಕೊಂದು, ಉಳಿದವು ಪ್ರಸಂಗದಲ್ಲಿ ಬಿಡುವು ಬರುವ ಜಾಗ ನೋಡಿಕೊಂಡು. ಎರಡು ಸುತ್ತಿನ ಎನ್‌ಕೋಡಿಂಗ್. ಮೊದಲ ಸುತ್ತಿನಲ್ಲಿ ಎಲ್ಲಿ ಚಲನೆ ಹೆಚ್ಚು ಎಂದು ಅಳೆದು, ಎರಡನೆಯದರಲ್ಲಿ ಅಲ್ಲಿಗೆ ಹೆಚ್ಚು ಬಿಟ್ ಕೊಡುತ್ತದೆ. ಅರ್ಥ ಹೇಳುವಾಗ, ಅಂದರೆ ವೇಷಗಳು ಮಾತಾಡುವಾಗ, ಉಳಿಸಿದ್ದು ಕುಣಿಯುವಾಗ ಖರ್ಚು. ಮೇಲ್ಮಿತಿಯನ್ನು, ನಿಯಮ 9.8 ಎಂದರೂ, 8ಕ್ಕೆ ಕಟ್ಟಿದೆ. ಮನೆಯಲ್ಲಿ ಬರೆದ ಡಿಸ್ಕನ್ನು ಓದಲು ಹಳೆಯ ಪ್ಲೇಯರುಗಳು ಏದುಸಿರು ಬಿಡುತ್ತವೆ. ಧ್ವನಿಯನ್ನು ಮುಟ್ಟಲಿಲ್ಲ. ಕ್ಯಾಮೆರಾ ಬರೆದ ಎಸಿ-3 ಧ್ವನಿಯನ್ನು ಡಿವಿಡಿ ಹಾಗೇ ಒಪ್ಪುತ್ತದೆ. ಒಂದು ಡಿಸ್ಕಿಗೆ ಐದು ಗಂಟೆ ಓಡುತ್ತಿತ್ತು ನನ್ನ ಯಂತ್ರ. ನಾಲ್ಕೂವರೆ ಗಂಟೆಗೆ ಸರಿಯಾಗಿ ಕರೆಂಟು ಹೋದ ರಾತ್ರಿಯ ಬಗ್ಗೆ ಬರೆಯುವುದಿಲ್ಲ. ಯುಪಿಎಸ್ ತಂದೆ.

ಆಮೇಲೂ ಒಂದು ಫೋನು ಬಂತು. ಮೂರನೇ ಡಿಸ್ಕು ಕೊನೆಯ ಹತ್ತು ನಿಮಿಷದಲ್ಲಿ ಚೌಕಚೌಕವಾಗಿ ಒಡೆದು ನಿಲ್ಲುತ್ತದೆಂದು. ಡಿಸ್ಕಿಗೆ ಬರೆಯುವುದು ಒಳಗಿನಿಂದ ಹೊರಗೆ. ಕಂಠಮಟ್ಟ ತುಂಬಿಸಿದರೆ ಕೊನೆಯ ಭಾಗ ಹೊರ ಅಂಚಿನಲ್ಲಿ, ಬೆರಳು ತಾಗುವಲ್ಲಿ, ಬರಹ ದುರ್ಬಲವಿರುವಲ್ಲಿ ಬೀಳುತ್ತದೆ. ಸಾಲದ್ದಕ್ಕೆ ಚೆಂದಕ್ಕೆಂದು ಕಾಗದದ ಲೇಬಲ್ ಬೇರೆ ಅಂಟಿಸಿದ್ದೆ. ಲೇಬಲ್ ಬಿಟ್ಟು, ಮಾರ್ಕರ್ ಪೆನ್ನಿನಲ್ಲಿ ಬರೆದು, ಸರಾಸರಿಯನ್ನು 6.1ಕ್ಕೆ ಇಳಿಸಿ, ನಿಧಾನದ 4ಎಕ್ಸ್ ವೇಗದಲ್ಲಿ ಮತ್ತೆ ಹದಿನಾಲ್ಕು ಪ್ರತಿ ಬರೆದೆ.

ಮೂರನೆಯದನ್ನು ಕೊಡಲು ಹೋದಾಗ ದೊಡ್ಡಪ್ಪ ಹಳೆಯ ಡಿಸ್ಕನ್ನು ಮರಳಿ ಕೊಡಲಿಲ್ಲ. "ಇರಲಿ ಬಿಡು" ಎಂದು ರಿಮೋಟ್ ತೆಗೆದುಕೊಂಡು ಹೊಸದನ್ನು ಮಂಡಿಯ ಜಾಗಕ್ಕೆ ಓಡಿಸಿದರು. ಎಷ್ಟು ಸುತ್ತು ಎಂದು ಬೆರಳು ಮಡಚಿ ಎಣಿಸುತ್ತಾ ಕೂತವರು, ಮುಗಿದ ಮೇಲೆ ಹಿಂದಕ್ಕೆ ಓಡಿಸಿ ಇನ್ನೊಮ್ಮೆ ಎಣಿಸಿದರು.