ತೂಕ ಇಳಿಯದಿದ್ದರೂ ಕಾಲಿನ ಕಸುವು ಇಳಿದಿದ್ದರೆ: ಹೃದ್ರೋಗಿಗಳು ಸ್ನಾಯು ಉಳಿಸಿಕೊಳ್ಳುವ ಬಗೆ

ತೂಕ ಇಳಿದಿಲ್ಲವಲ್ಲ, ಸ್ನಾಯು ಕರಗಿರಲಾರದು ಎಂದುಕೊಳ್ಳುವವರೇ ಹೆಚ್ಚು. ಹೃದಯದ ಕಾಯಿಲೆ ಇದ್ದವರಲ್ಲಿ ಈ ಲೆಕ್ಕ ಸುಲಭವಾಗಿ ತಪ್ಪುತ್ತದೆ. ಕರಗಿದ ಸ್ನಾಯುವಿನ ಜಾಗಕ್ಕೆ ಕೊಬ್ಬು ಬಂದು ಕೂರುತ್ತದೆ. ಹೃದಯ ವೈಫಲ್ಯವಿದ್ದರೆ, ಅಂದರೆ ಹೃದಯ ಸಾಕಷ್ಟು ರಕ್ತ ತಳ್ಳಲಾರದಿದ್ದರೆ, ಕಾಲಲ್ಲಿ, ಹೊಟ್ಟೆಯಲ್ಲಿ ನೀರು ತುಂಬಿಕೊಂಡು ತಕ್ಕಡಿಯ ಮುಳ್ಳು ಅಲ್ಲೇ ನಿಂತಿರುತ್ತದೆ. ಹಾಗಾಗಿ ಮೊದಲು ಅಳೆಯಬೇಕಾದ್ದು ಕಾಲಿನ ಕಸುವನ್ನು.

ಕೈಗಳಿಲ್ಲದ, ಸುಮಾರು 45 ಸೆಂ.ಮೀ. ಎತ್ತರದ ಗಟ್ಟಿ ಕುರ್ಚಿಯನ್ನು ಗೋಡೆಗೆ ತಾಗಿಸಿಡಿ. ಪಕ್ಕದಲ್ಲಿ ಒಬ್ಬರು ನಿಂತಿರಲಿ. ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಐದು ಸಲ ಆದಷ್ಟು ಬೇಗ ಪೂರ್ತಿ ಎದ್ದು ಕೂರಿ. ಏಷ್ಯಾದ ತಜ್ಞರ 2019ರ ಮಾನದಂಡದಂತೆ 12 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಸ್ನಾಯುಕ್ಷಯದ ಅನುಮಾನ. ಯುರೋಪಿನವರ ಗೆರೆ 15 ಸೆಕೆಂಡ್. ಕೈ ಊರದೆ ಏಳಲು ಆಗುವುದೇ ಇಲ್ಲವಾದರೆ ಗಡಿಯಾರ ನೋಡುವ ಅಗತ್ಯವಿಲ್ಲ, ವೈದ್ಯರಿಗೆ ಹೇಳಿ.

ಹೃದಯಕ್ಕೂ ಸ್ನಾಯುವಿಗೂ ನಂಟು ಎರಡೂ ಕಡೆಯಿಂದ ಇದೆ. ದುರ್ಬಲ ಹೃದಯ ಕಾಲಿಗೆ ಸಾಕಷ್ಟು ರಕ್ತ ಕಳಿಸುವುದಿಲ್ಲ, ಉರಿಯೂತ ಸ್ನಾಯುವನ್ನು ಒಡೆಯುತ್ತದೆ, ಹಸಿವು ಸಾಯುತ್ತದೆ, ಏದುಸಿರಿನ ಭಯಕ್ಕೆ ಮನುಷ್ಯ ಕೂತಲ್ಲೇ ಕೂರುತ್ತಾನೆ. ಇತ್ತ, ಊಟದ ನಂತರ ರಕ್ತಕ್ಕೆ ಬಂದ ಸಕ್ಕರೆಯ ದೊಡ್ಡ ಪಾಲನ್ನು ಹೀರಿಕೊಳ್ಳುವುದೇ ಸ್ನಾಯು. ಅದು ಕಡಿಮೆಯಾದರೆ ಇನ್ಸುಲಿನ್ ಕೆಲಸ ಕುಂಟುತ್ತದೆ, ರಕ್ತನಾಳಗಳು ಬೆಲೆ ತೆರುತ್ತವೆ.

ಪರೀಕ್ಷೆಗೆ ಬಳಸಿದ ಕುರ್ಚಿಯೇ ವ್ಯಾಯಾಮಕ್ಕೂ ಸಾಕು. ಆದರೆ ಎದೆನೋವು ಹೊಸದಾಗಿ ಶುರುವಾಗಿದ್ದರೆ ಅಥವಾ ಹೆಚ್ಚುತ್ತಿದ್ದರೆ, ಹೃದಯದ ಕವಾಟ ತೀರಾ ಕಿರಿದಾಗಿದ್ದರೆ, ಕೂತಲ್ಲೇ ಉಸಿರು ಕಟ್ಟುತ್ತಿದ್ದರೆ ವೈದ್ಯರು ಒಪ್ಪುವವರೆಗೆ ಪರೀಕ್ಷೆಯೂ ಬೇಡ, ವ್ಯಾಯಾಮವೂ ಬೇಡ. ಎದೆಮೂಳೆ ಸೀಳಿ ಶಸ್ತ್ರಚಿಕಿತ್ಸೆ ಆಗಿದ್ದರೆ ಮೂಳೆ ಕೂಡಲು ಸಾಮಾನ್ಯವಾಗಿ 8ರಿಂದ 12 ವಾರ ಬೇಕು. ಅಲ್ಲಿಯವರೆಗೆ ಕೈಯಿಂದ ತಳ್ಳುವ, ಎಳೆಯುವ ಕೆಲಸಕ್ಕೆ ಇಳಿಯಬೇಡಿ.

ವಾರಕ್ಕೆ ಎರಡು ದಿನ, ನಡುವೆ ಕನಿಷ್ಠ ಒಂದು ದಿನ ಬಿಡುವು. ಐದು ನಿಮಿಷ ನಿಧಾನವಾಗಿ ನಡೆದು ಮೈ ಬಿಸಿ ಮಾಡಿಕೊಂಡು, 8ರಿಂದ 10 ಸಲ ಎದ್ದು ಕೂರಿ. ಒಂದೆರಡು ನಿಮಿಷ ಸುಧಾರಿಸಿಕೊಂಡು ಇನ್ನೊಂದು ಸುತ್ತು. ಕೂರುವಾಗ ದೊಪ್ಪನೆ ಬೀಳದೆ ಮೂರು ಎಣಿಸುತ್ತಾ ಇಳಿಯಿರಿ, ಇಳಿಯುವುದರಲ್ಲೂ ಲಾಭವಿದೆ. ಕಷ್ಟವಾದರೆ ಗಟ್ಟಿ ದಿಂಬಿಟ್ಟು ಆಸನ ಎತ್ತರಿಸಿ. ಹತ್ತೂ ಸಲೀಸಾದರೆ ದಿಂಬು ತೆಗೆಯಿರಿ, ಆಮೇಲೆ ಕೈಯಲ್ಲಿ 1 ಕೆ.ಜಿ. ಹಿಡಿಯಿರಿ. ಜೊತೆಗೆ ಕುರ್ಚಿಯ ಬೆನ್ನು ಹಿಡಿದು ಹಿಮ್ಮಡಿ ಎತ್ತುವುದು, ಗೋಡೆಗೆ ಕೈಕೊಟ್ಟು ತಳ್ಳುವುದು.

ಎಲ್ಲರೂ ಮಾಡುವ ತಪ್ಪು ಉಸಿರು ಬಿಗಿಹಿಡಿಯುವುದು. ಆಗ ರಕ್ತದೊತ್ತಡ ಸರ್ರನೆ ಏರುತ್ತದೆ. ಏಳುವಾಗ ಉಸಿರು ಬಿಡಿ, ಕೂರುವಾಗ ಎಳೆದುಕೊಳ್ಳಿ. ನಾಡಿಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆ ನುಂಗುವವರಲ್ಲಿ ನಾಡಿ ಏರುವುದೇ ಕಡಿಮೆ, ಆದ್ದರಿಂದ ವಾಚಿನ ಅಂಕಿ ನಂಬಬೇಡಿ. ಒಂದು ಪೂರ್ತಿ ವಾಕ್ಯ ಮಾತಾಡಲು ಆಗುವಷ್ಟೇ ದಣಿವಿರಲಿ. ಎದೆ ಬಿಗಿತ, ತಲೆಸುತ್ತು, ಎದೆಬಡಿತ ತಪ್ಪುವುದು ಕಂಡರೆ ಅಲ್ಲಿಗೇ ನಿಲ್ಲಿಸಿ. ಬಿಗಿತ ಇಳಿಯದಿದ್ದರೆ ಆಂಬುಲೆನ್ಸ್ ಕರೆಯಿರಿ. ಇನ್ನೊಂದು ತಪ್ಪು, ನಡಿಗೆಯೊಂದೇ ಸಾಕೆನ್ನುವುದು. ಅದು ಹೃದಯಕ್ಕೆ ಒಳ್ಳೆಯದೇ, ತೊಡೆಗೆ ಮಾತ್ರ ಸಾಲದು.

ಪ್ರೋಟೀನ್ ಇಲ್ಲದೆ ಈ ಶ್ರಮ ಫಲ ಕೊಡದು. ವಯಸ್ಸಾದವರಿಗೆ ಪ್ರತಿ ಕೆ.ಜಿ. ತೂಕಕ್ಕೆ ದಿನಕ್ಕೆ 1ರಿಂದ 1.2 ಗ್ರಾಂ, ಅಂದರೆ 60 ಕೆ.ಜಿ. ಇದ್ದವರಿಗೆ 60–72 ಗ್ರಾಂ. ರಾತ್ರಿಯೂಟಕ್ಕೇ ಎಲ್ಲ ಉಳಿಸದೆ ಮೂರು ಹೊತ್ತಿಗೆ ಹಂಚಿ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, 250 ಮಿ.ಲೀ. ಹಾಲಿನಲ್ಲಿ 8 ಗ್ರಾಂ. ಮೂತ್ರಪಿಂಡದ ತೊಂದರೆ ಇದ್ದವರು ಈ ಅಳತೆಗೆ ಹೋಗದೆ ವೈದ್ಯರನ್ನು ಕೇಳಬೇಕು.

ಹೃದಯ ವೈಫಲ್ಯವಿದ್ದವರು ಬೆಳಿಗ್ಗೆ ಮೂತ್ರ ವಿಸರ್ಜನೆಯಾದ ಮೇಲೆ ತೂಕ ಬರೆದಿಡಿ. ಮೂರು ದಿನದಲ್ಲಿ 2 ಕೆ.ಜಿ. ಏರಿದರೆ ಸ್ನಾಯು ಬೆಳೆಯಿತೆಂದು ಹಿಗ್ಗಬೇಡಿ, ಅದು ನೀರು. ಅಂದೇ ವೈದ್ಯರಿಗೆ ಫೋನ್ ಮಾಡಿ. ಪ್ರಯತ್ನವಿಲ್ಲದೆ ವರ್ಷದೊಳಗೆ ತೂಕದ 5 ಶೇಕಡಾಕ್ಕಿಂತ ಹೆಚ್ಚು ಇಳಿದರೂ ತಡಮಾಡಬೇಡಿ. ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಶುರುವಾದ ಮೇಲೆ ಎರಡೂ ತೊಡೆ ನೋಯುತ್ತಿದ್ದರೆ ಮಾತ್ರೆಯನ್ನು ನೀವೇ ಬಿಡದೆ ವೈದ್ಯರಿಗೆ ತಿಳಿಸಿ. ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ ಕೂಡಲೇ ಆಸ್ಪತ್ರೆಗೆ ಹೋಗಿ. 12 ವಾರದ ಬಳಿಕ ಅದೇ ಕುರ್ಚಿಯಲ್ಲಿ, ಅದೇ ಚಪ್ಪಲಿಯಲ್ಲಿ ಐದು ಸಲ ಎದ್ದು ಕೂತು ಹಳೆಯ ಅಂಕಿಯ ಪಕ್ಕದಲ್ಲಿ ಬರೆಯಿರಿ.